ಬಿಗಿದುಕೊಂಡ ಲಂಗೋಟ

೯ ಜನವರಿ ೧೯೮೬, ಗುರುವಾರ. ಇಚಲಕರಂಜಿ

ಇವತ್ತೂ ಕೀವು ಬಂದಿದೆ. ಗಂಡಸುತನ ಮರಳಲೆಂದು ಕೊಲ್ಹಾಪುರದ ಡಾಕ್ಟರು ಶಿಶ್ನದೊಳಗೆ ಕೂರಿಸಿದ ಕಡ್ಡಿಯನ್ನು ಈಗ ಅವರೇ ತೆಗೆಯಬೇಕಂತೆ. ಆ ಹಾಳು ಕಡ್ಡಿ ಎಷ್ಟು ಬಗ್ಗಿಸಿದರೂ ಪೂರ್ತಿ ಮಲಗುವುದಿಲ್ಲ. ನೋಡಲು ಬಂದವರ ಕಣ್ಣಿಗೆ ಬಿದ್ದೀತೆಂದು, ಗಾಯ ಮಾಯುವ ಮೊದಲೇ ಕುಸ್ತಿ ಆಡುವಾಗಿನ ಹಳೆಯ ಲಂಗೋಟ ಬಿಗಿದುಕೊಂಡೆ. ಬೆವರಿಗೆ ಹೊಲಿಗೆ ಕೊಳೆಯಿತು.

ಮಗ್ಗದ ಶೆಡ್ಡಿನಲ್ಲಿ ಹರ್ನಿಯಾ ಆಪರೇಶನ್ ಎಂದು ಹೇಳಿದ್ದೇನೆ. ಅದನ್ನು ನಂಬಿ ಜೊತೆಗಾರ ಕೃಷ್ಣಾತ ಸಂಜೆ ಬಾಳೆಹಣ್ಣು ಹಿಡಿದು ಬಂದಿದ್ದ.

"ಪೈಲವಾನ, ತಾಲೀಮ ಬಿಟ್ಟ ಮ್ಯಾಲೂ ಲಂಗೋಟ ಬಿಗಿಯಾಗಿ ಕಟ್ಟಬೇಕಿತ್ತ ನೋಡ. ಸಡ್ಲ ಬಿಟ್ಟಿ, ಹರ್ನಿಯಾ ಆತು," ಎಂದು ಬುದ್ಧಿ ಹೇಳಿದ.

"ಹೌದಪಾ," ಎಂದೆ. ಧೋತರದೊಳಗೆ ಅದೇ ಲಂಗೋಟ ಗಾಯವನ್ನು ಕೊರೆಯುತ್ತಿತ್ತು.

ಅವನು ಹೋದ ಮೇಲೆ ಹೆಂಡತಿ ಸಾವಕ್ಕ ಪಟ್ಟಿ ಬದಲಿಸಿದಳು. ಮುಖ ಎತ್ತಲಿಲ್ಲ.

"ತಗಸಿ ಬಿಡ್ರಿ ಅದನ್ನ. ನನಗ ಇದು ಬೇಕಂತ ನಾ ಯಾವತ್ತರ ಅಂದೇನೇನ್ರಿ?"

ಅಂದಿಲ್ಲ. ಅದೇ ಹೊಟ್ಟೆ ಉರಿಸುತ್ತದೆ. ಒಮ್ಮೆಯಾದರೂ ಬೇಕು ಅಂದಿದ್ದರೆ, ಈ ನೋವನ್ನು ಅವಳಿಗಾಗಿ ಉಂಡೆ ಅಂದುಕೊಳ್ಳಬಹುದಿತ್ತು.