ಘಟ್ಟ ದಾಟಿ ಬಂದ ಮೀನು

ತೊಚಿಜಾವಾ
ಅಕ್ಟೋಬರ್ ೨೮, ಸೋಮವಾರ

ಪ್ರೀತಿಯ ಮಿಜುಹೊ,

ನಿನ್ನ ವರದಿ ಗುರುವಾರ ಕೈಸೇರಿತು. ಮೊದಲು ಅಂಕಿಗಳನ್ನು ಬಿಟ್ಟು ಓದಿದೆ, ಆಮೇಲೆ ಅಂಕಿಗಳನ್ನೂ ಸೇರಿಸಿ ಓದಿದೆ. ಜೊತೆಗಿದ್ದ ಚೀಟಿಯಲ್ಲಿ 'ಅಮ್ಮ, ಕ್ಷಮಿಸು' ಎಂದು ಬರೆದಿದ್ದೀಯ. ಅದರ ಅಗತ್ಯವಿರಲಿಲ್ಲ. ಮೀನು ಎಲ್ಲಿಯದೆಂದು ಕೇಳಿದವರು ನಾವು. ಪ್ರಯೋಗಾಲಯದಲ್ಲಿ ಕೂತು ನೋಡಿ ಹೇಳಿದವಳು ನೀನು. ಅಷ್ಟೇ.

ಓದಿ ಮುಗಿಸಿದಾಗ ನನಗೆ ಬೇಸರಕ್ಕಿಂತ ಮೊದಲು ಬಂದದ್ದು ಕುತೂಹಲ. ಜಲಪಾತದ ಮೇಲಿನ ಹಳ್ಳದಲ್ಲಿರುವ ಇವಾನಾ ಮೀನು ನಮ್ಮ ನದಿಯದಲ್ಲ, ಘಟ್ಟದಾಚೆಯ ನಗುಸಾ ಕಣಿವೆಯದು ಎನ್ನುತ್ತೀಯ. ಆದರೆ ಮೀನು ಬೆಟ್ಟ ಹತ್ತಿದ್ದು ಹೇಗೆ? ಜಲಪಾತವನ್ನು ಯಾವ ಮೀನೂ ಏರಲಾರದು. ಪ್ರವಾಹ ಘಟ್ಟದ ಮೇಲಕ್ಕೆ ಹರಿಯುವುದಿಲ್ಲ. ಗಿಡುಗ ಬೀಳಿಸಿತೆಂದರೆ ಒಂದು ಮೀನು ಬಿದ್ದೀತು, ಸಂಸಾರ ಬೀಳದು. ಹಾಗಾದರೆ ಯಾರೋ ಬೆನ್ನ ಮೇಲೆ ಹೊತ್ತು ತಂದಿರಬೇಕು. ಅಷ್ಟು ಎತ್ತರದಲ್ಲಿ ಹಿಂದೆ ಇದ್ದವರು ಇದ್ದಿಲು ಸುಡುವವರು ಮಾತ್ರ. ಅವರ ಗುಡಿಸಲುಗಳಲ್ಲಿ ಹುಟ್ಟಿದವರಲ್ಲಿ ಉಳಿದಿರುವುದು ತೊವಾ ಅಜ್ಜಿ ಒಬ್ಬಳೇ.

ಶುಕ್ರವಾರ ಹೋದಾಗ ಅಜ್ಜಿ ಜಗಲಿಯಲ್ಲಿ ಕೂತು ಒಣಗಿಸಲು ಕಾಕಿ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದಳು. ತೊಂಬತ್ತು ದಾಟಿದರೂ ಸಿಪ್ಪೆ ಎಲ್ಲಿಯೂ ತುಂಡಾಗುವುದಿಲ್ಲ.

"ಈಗ ಕೇಳೋಕೆ ಬಂದ್ಯಾ? ನಾನು ಸತ್ತೋಗಿದ್ರೆ ಯಾರನ್ನ ಕೇಳ್ತಿದ್ದೆ, ಮೀನನ್ನಾ?" ಎಂದಳು.

ಅಜ್ಜಿಯ ತಾಯಿ ನಗುಸಾದಿಂದ ಮದುವೆಯಾಗಿ ಬಂದವಳಂತೆ. ತೊವಾ ಹೊಟ್ಟೆಯಲ್ಲಿದ್ದಾಗ ಅವಳಿಗೆ ಏನು ತಿಂದರೂ ನಿಲ್ಲುತ್ತಿರಲಿಲ್ಲ. ಬಯಕೆ ಒಂದೇ: ತವರಿನ ಹಳ್ಳದ ಇವಾನಾ. "ಇಲ್ಲಿನ ಹೊಳೇಲೂ ಅದೇ ಮೀನು ಇದ್ಯಲ್ಲೇ ಅಂದ್ರೆ, ಅಲ್ಲ, ಅದರ ರುಚಿ ಬೇರೆ ಅಂತ ಹಟ." ಕೊನೆಗೆ ಅವಳ ಅಣ್ಣ ಮರದ ತೊಟ್ಟಿಯಲ್ಲಿ ಜೀವಂತ ಮೀನುಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ. ದಾರಿಯ ಒರತೆ ಒರತೆಯಲ್ಲೂ ನೀರು ಬದಲಿಸುತ್ತ ಘಟ್ಟ ದಾಟಿ ಬಂದ. ಬಸುರಿ ಮುಚ್ಚಳ ತೆಗೆದು ನೋಡಿದಳು. ನೋಡಿದ್ದೇ ತಪ್ಪಾಯಿತು.

"'ನಮ್ಮೂರಿಂದ ಬಂದೋರನ್ನ ಹೆಂಗೆ ತಿನ್ಲಿ' ಅಂತ ತಗೊಂಡೋಗಿ ಹಳ್ಳಕ್ಕೆ ಬಿಟ್ಟಳಂತೆ."

ಹೊತ್ತು ತಂದ ಅಣ್ಣ ಏನಂದ ಎಂದು ಕೇಳಿದೆ.

"ಏನಂತಾನೆ, ಭುಜ ಉಜ್ಕೊಂಡ. ನೋಡು ಕಿನುಯೆ, ಹುಟ್ಟೋಕೆ ಮುಂಚೇನೇ ನನ್ನ ಊಟ ನೀರುಪಾಲಾಯ್ತು. ಅದಕ್ಕೇ ನಂಗೆ ಇವತ್ತಿಗೂ ಹಸಿವು." ಹೀಗೆಂದು ಒಂದು ಹೋಳು ಬಾಯಿಗೆ ಹಾಕಿಕೊಂಡಳು.

ಸಭೆಯಲ್ಲಿ ಇದನ್ನು ಹೇಳಬಹುದೇ ಎಂದೆ. "ಹೇಳು. ಆದ್ರೆ ನಮ್ಮಮ್ಮ ಹಟಮಾರಿ ಅನ್ನೋದನ್ನ ಮಾತ್ರ ಬಿಟ್ಬಿಡು" ಎಂದಳು. ಅದನ್ನು ಬಿಟ್ಟರೆ ಕಥೆಯೇ ನಿಲ್ಲುವುದಿಲ್ಲ, ಹಾಗಾಗಿ ಬಿಡಲಿಲ್ಲ.

ಶನಿವಾರ ಅಣಬೆಗೆ ಹೋಗಬೇಕೆಂದಿದ್ದೆ. ಮಂಡಿನೋವಿನಿಂದ ಮನೆಯಲ್ಲೇ ಉಳಿದೆ.

ಭಾನುವಾರ ಮೀನುಗಾರರ ಸಂಘದ ಸಭೆಗೆ ಎಲ್ಲರೂ ಬಂದಿದ್ದರು. ಅಧ್ಯಕ್ಷ ಒಕುಮುರಾ ಎಂದಿನಂತೆ ಮೊದಲಿನಿಂದ ಶುರುಮಾಡಿದರು. ಕೆಳಗಿನ ಹೊಳೆಗೆ ಸಾಕಣೆಯ ಮೀನುಮರಿ ಬಿಡತೊಡಗಿ ನಲವತ್ತು ವರ್ಷವಾಯಿತು, ಅಲ್ಲಿ ಹಳೆಯ ತಳಿ ಉಳಿದಿಲ್ಲ. ಗಾಳ ಹಾಕಲು ಬರುವವರು ಕಡಿಮೆಯಾಗುತ್ತಿದ್ದಾರೆ. ಮೇಲಿನ ಹಳ್ಳಕ್ಕೂ ಮರಿ ಬಿಟ್ಟು ಬರುವ ವಸಂತದಲ್ಲಿ ಗಾಳಕ್ಕೆ ತೆರೆದರೆ ಸಂಘ ಉಸಿರಾಡೀತು. ಅಲ್ಲಿನ ಮೀನು ಮೂಲ ತಳಿಯೆಂದು ಸಾಬೀತಾದರೆ ಮಾತ್ರ ಹಳ್ಳವನ್ನು ಮುಟ್ಟುವುದಿಲ್ಲ ಎಂದು ನಾವೇ ಒಪ್ಪಿದ್ದೆವು. ಇಷ್ಟು ಹೇಳಿ ನಿನ್ನ ವರದಿಯನ್ನು ಮೇಜಿನ ಮೇಲಿಟ್ಟರು.

"ನಿಯಮದಲ್ಲಿರೋದು 'ಈ ನದಿಯ ಮೀನು' ಅಂತ. ಇವು ಈ ನದಿಯವಲ್ಲ. ಮಿಜುಹೊನೇ ಬರ್ದಿದ್ದಾಳೆ."

"ಬೇರೆಯೋರ ಮೀನಿಗೆ ನಾವ್ಯಾಕೆ ಕಾವಲು ಕೂರ್ಬೇಕು?" ಎಂದ ಗಾಳದ ಅಂಗಡಿಯ ಹೊಂಡಾ.

ನಾನು ಅಜ್ಜಿಯ ಕಥೆ ಹೇಳಿದೆ. ನಕ್ಕರು, ಇಷ್ಟಪಟ್ಟರು. ಆದರೆ ಅದು ಒಕುಮುರಾ ಅವರ ಮಾತನ್ನೇ ಗಟ್ಟಿಮಾಡಿತು. ಮೀನು ಹೊರಗಿನದೆಂಬುದಕ್ಕೆ ಈಗ ಸಾಕ್ಷಿಯೂ ಸಿಕ್ಕಂತಾಯಿತು. ಆಗ ಗೆಂಜೊ, ಇಷ್ಟು ವರ್ಷ ಮರಿಗಳ ಡಬ್ಬ ಹೊತ್ತು ಹೊಳೆಗೆ ಸುರಿದವನು, ನನ್ನ ಕಡೆ ತಿರುಗಿದ.

"ಕಿನುಯೆ ತವರಿನ ಮೀನು ಕಣ್ರಪ್ಪಾ. ತವರಿನ ಬೆಕ್ಕು ಬಂದ್ರೂ ಕೂರಿಸಿ ಊಟಕ್ಕಿಡ್ತಾಳೆ. ಮೀನನ್ನ ಬಿಡ್ತಾಳಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ತವರಾದ ನಗುಸಾ ಅಣೆಕಟ್ಟಿನ ನೀರಿನಡಿ ಹೋದಾಗ ನನಗೆ ಇಪ್ಪತ್ತೆರಡು. ಆ ಊರಿನವರೆಂದು ಆ ಕೋಣೆಯಲ್ಲಿ ನಾನೊಬ್ಬಳೇ.

"ತವರಿನ ಮಾತು ಬಂದ್ಮೇಲೆ ನಾನು ಮತಕ್ಕೆ ಕೈ ಎತ್ತಲ್ಲ. ಚಹಾ ಕೊಡ್ತೀನಿ" ಎಂದು ಎದ್ದೆ. ಒಕುಮುರಾ ತಲೆಬಾಗಿಸಿದರು. ಹಳ್ಳ ಉಳಿಸುವ ಕಡೆಗೆ ಒಂದು ಮತ ಕಡಿಮೆಯಾಯಿತು.

ನಾನು ಬಟ್ಟಲುಗಳಿಗೆ ಚಹಾ ಸುರಿಯತೊಡಗಿದೆ. ಆಮೇಲೆ ಮತ್ತೆ ಗೆಂಜೊ.

"ಅಧ್ಯಕ್ಷರೇ, ಪಕ್ಕದ್ಮನೆಯೋರು ನಿಮ್ಮನೇಲಿ ಕೊಡೆ ಮರೆತು ಹೋದ್ರೆ ಏನ್ಮಾಡ್ತೀರಿ?"

"ಎತ್ತಿಡ್ತೀನಿ."

"ನಿಮ್ದಲ್ವಲ್ಲ."

"ನಂದಲ್ಲ ಅಂತಲೇ ಎತ್ತಿಡೋದು."

"ಹೌದಾ? ನಮ್ಮ ಮೀನನ್ನ ನಾವೇ ಕೆಡಿಸಿದ್ವಿ. ನಮ್ದು, ಕೇಳೋರಿರ್ಲಿಲ್ಲ. ಕೆಡಿಸಿದ ಬೆನ್ನು ನಂದೇ. ಇದು ಪರರ ಮನೇದು. ಇದರೊಳಗೂ ಮರಿ ಬೆರೆಸಿದ್ರೆ ನಾಳೆ ವಾಪಸ್ ಏನು ಕೊಡ್ತೀರಿ?"

"ಯಾರಿಗೆ ಕೊಡೋದು?" ಎಂದ ಹೊಂಡಾ. "ಊರೇ ನೀರೊಳಗಿದೆ."

"ಊರು ನೀರೊಳಗಿದ್ರೆ ಇರ್ಲಿ. ಅಣೆಕಟ್ಟಿನ ಮೇಲ್ಗಡೆ ನಗುಸಾದ ಹಳ್ಳ ಇನ್ನೂ ಹರೀತಾ ಇದ್ಯಲ್ಲ, ಒಂದು ಮೀನೂ ಇಲ್ದೆ... ಅಕ್ಕ, ಚಹಾ ಚೆಲ್ತಾ ಇದೆ."

ಒಕುಮುರಾ ಅವರ ಬಟ್ಟಲು ತುಂಬಿ, ಮೇಜು ತೊಯ್ದು, ನಿನ್ನ ವರದಿಯ ಒಂದು ಮೂಲೆ ಒದ್ದೆಯಾಗಿತ್ತು. ಒಲೆಯ ಹತ್ತಿರ ಇಟ್ಟು ಒಣಗಿಸಿದ್ದೇನೆ. ಅಕ್ಷರ ಹೋಗಿಲ್ಲ.

ಹಳ್ಳವನ್ನು ಮುಟ್ಟುವುದು ಬೇಡ ಎನ್ನುವವರ ಕೈಗಳು ಒಂದೊಂದಾಗಿ ಎದ್ದವು. ಎಲ್ಲವೂ ಅಲ್ಲ, ಆದರೆ ಸಾಕಷ್ಟು. ಹೊಂಡಾನ ಕೈ ಕಿವಿಯವರೆಗೆ ಬಂದು ಅಲ್ಲೇ ನಿಂತಿತು. ಒಕುಮುರಾ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ ನಿಯಮ ತಿದ್ದಿದರು: 'ಈ ನದಿಯ, ಮತ್ತು ಈ ನದಿಯಲ್ಲಿ ಒಪ್ಪಿಸಿಟ್ಟ, ಮೀನು.' ಜಲಪಾತದ ಮೇಲೆ ಇನ್ನು ಮರಿ ಬಿಡುವುದಿಲ್ಲ, ಗಾಳವೂ ಇಲ್ಲ. ಕಾವಲಿಗೆ ಗೆಂಜೊನೇ ಒಪ್ಪಿಕೊಂಡ. ಡಬ್ಬ ಹೊರುವುದಕ್ಕಿಂತ ಹಗುರವಂತೆ.

ನಿನಗೆ ಕಾಕಿ ಹಣ್ಣು ಕಳಿಸುತ್ತಿದ್ದೇನೆ. ಒಣಗಿದ ಮೇಲೆ ತಿನ್ನು, ಅವಸರ ಮಾಡಬೇಡ. ಹಳ್ಳದಲ್ಲಿ ಈಗ ಮೀನು ಮೊಟ್ಟೆಯಿಡುವ ಕಾಲ. ದಡದಿಂದ ದೂರ ನಿಂತು ನೋಡಿ ಬರುತ್ತೇನೆ.

ನಿನ್ನ ಅಮ್ಮ,
ಕಿನುಯೆ

ಮರೆತ ಮಾತು: ಶನಿವಾರ ನನಗೆ ಮಂಡಿನೋವಿರಲಿಲ್ಲ. ಬೆಳಿಗ್ಗೆಯೇ ಎದ್ದು ಘಟ್ಟದ ಹಳೆಯ ದಾರಿ ಹಿಡಿದಿದ್ದೆ. ಆ ಅಣ್ಣ ನೀರು ಬದಲಿಸಿದ ಒರತೆಗಳಲ್ಲಿ ಕೆಲವು ಬತ್ತಿವೆ, ಕೆಲವು ಇನ್ನೂ ಹರಿಯುತ್ತಿವೆ. ನೀನು ಶಾಲೆಯಲ್ಲಿದ್ದಾಗ ಬಳಸುತ್ತಿದ್ದ ಥರ್ಮಾಮೀಟರ್ ಒಯ್ದು ಹರಿಯುವ ಒಂದೊಂದರಲ್ಲೂ ಅದ್ದಿ ನೋಡಿದೆ. ಮತ್ತೆ ಘಟ್ಟ ದಾಟಿಸುವ ದಿನ ಬಂದರೆ, ನೀರು ಮೀನಿಗೆ ಬೇಕಾದಷ್ಟು ತಣ್ಣಗಿದೆ.