ಬೇಡ ಅಂದಳು ಲೋರ್ನಾ

ತಮ್ಮಾ ಆರಿನ್,

ಹಿಮಕುಸಿತ ನಿನ್ನನ್ನು ಒಯ್ದರೂ ನಿನಗೆ ಬರೆಯುವ ಚಾಳಿ ಹೋಗಿಲ್ಲ.

ಇಂದು ಸಿಲ್ವರ್ಟನ್ ಕಣಿವೆಯ ಹೆಪ್ಪುಗಟ್ಟಿದ ಜಲಪಾತ ಹತ್ತಲು ನಿನ್ನ ಮಗಳು ಲೋರ್ನಾ ಹಗ್ಗ ಕಟ್ಟಿಕೊಂಡಳು. ಅದರ ಮೇಲಿನ ಇಳಿಜಾರಿನಲ್ಲಿ ಗಾಳಿ ಹೊಸ ಹಿಮ ಪೇರಿಸಿತ್ತು. ನಮ್ಮ ಕಾಲಡಿಯ ಹಿಮ ‘ಧುಮ್’ ಎಂದು ತುಸು ಕುಸಿಯಿತು, ಮೇಲಿನದೂ ಜಾರಬಹುದೆಂಬ ಸೂಚನೆ ಅದು. ಹತ್ತುವ ತಂಡದಲ್ಲಿ ನಮ್ಮದೊಂದು ನಿಯಮವಿದೆಯಲ್ಲ: ಒಬ್ಬರು ಬೇಡವೆಂದರೆ ಎಲ್ಲರೂ ಮರಳಬೇಕು, ಕಾರಣ ಕೇಳುವಂತಿಲ್ಲ. ‘ಬೇಡ’ ಎಂಬ ಆ ಮಾತು, ನಿನ್ನ ಕೊನೆಯ ದಿನದಂತೆಯೇ, ಈ ಸಲವೂ ನನ್ನ ಬಾಯಿಂದ ಹೊರಡಲಿಲ್ಲ.

ಅವಳೇ ಹಗ್ಗ ಬಿಚ್ಚಿದಳು. “ಬೇಡ ಕಣ್ರೋ.”

ಜೊತೆಗಾರ ಕರ್ಟಿಸ್ ನಕ್ಕ. “ಏನೇ ಪುಕ್ಕಲಿ! ನಿಮ್ಮಪ್ಪ ಆಗಿದ್ರೆ ಇಷ್ಟೊತ್ತಿಗೆ ಮೇಲಿರ್ತಿದ್ರು.”

“ಹೌದು ಕಣೋ. ಅದಕ್ಕೇ ಬೇಡ ಅಂದಿದ್ದು.”

ಅವನು ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದ.

ಸಂಜೆಯವರೆಗೂ ಆ ಹಿಮ ಜಾರಲೇ ಇಲ್ಲ, ತಮ್ಮಾ. ಲೋರ್ನಾ ಈಗ ಅಡುಗೆಮನೆಯಿಂದ ಇನ್ನೊಂದು ಬಟ್ಟಲು ಸೂಪ್ ಕೇಳುತ್ತಿದ್ದಾಳೆ. ಬಡಿಸಬೇಕು, ಏಳುತ್ತೇನೆ.

ನಿನ್ನ ಅಕ್ಕ,
ಮೇವಿಸ್