ಬಡಿಸಿಟ್ಟು ಕೇಳಿದ ಒಪ್ಪಿಗೆ

ಅಣ್ಣಾ,

ನಿನಗೆ ಕಾಗದ ಓದುವ ತಾಳ್ಮೆ ಯಾವತ್ತೂ ಇರಲಿಲ್ಲ. ಈಗ ಬಿಡುವಿದೆಯಲ್ಲ, ಓದು.

ಸಂಪಾಜೆಯ ತಿರುವಿನಲ್ಲಿ ಜೀಪು ಮಗುಚಿದ ದಿನ, ನಾನು ಕಕ್ಕಬೆಯಿಂದ ಬಸ್ಸು ಹಿಡಿದು ಆಸ್ಪತ್ರೆ ತಲುಪುವಷ್ಟರಲ್ಲಿ ನೀನು... ಇರಲಿ. ಅಷ್ಟರೊಳಗೆ, ಉಳಿದ ಚಿಕಿತ್ಸೆಯ ಜೊತೆಗೆ, ರಕ್ತ ನಿಲ್ಲಿಸುವ ಹೊಸ ಔಷಧಿಯೊಂದನ್ನು ಸಂಶೋಧನೆಗೆಂದು ನಿನಗೆ ಕೊಟ್ಟಿದ್ದರಂತೆ. ನಿನಗೆ ಪ್ರಜ್ಞೆಯಿರಲಿಲ್ಲ, ಕೇಳೋಣವೆಂದರೆ ಮನೆಯವರಿರಲಿಲ್ಲ. ಕ್ಷೌರದವನು ಕೇಳದೆ ಮೀಸೆಗೆ ಕತ್ತರಿ ತಾಗಿಸಿದರೆ ಕುರ್ಚಿಯಿಂದ ಎದ್ದು ಬರುತ್ತಿದ್ದವನು ನೀನು!

ತೀರಿಕೊಂಡವರಿಗೆ ಬಡಿಸುವ ದಿನವೇ ಆ ಔಷಧಿ ಕೊಟ್ಟ ಡಾಕ್ಟರು ಮನೆಗೆ ಬಂದರು. ಎಳೆ ಪ್ರಾಯ, ಬಾಡಿದ ಮುಖ. “ಕೇಳುತ್ತಾ ಕೂತರೆ ಜೀವ ಹೋಗುತ್ತದೆ, ಅದಕ್ಕೇ ಮೊದಲು ಕೊಟ್ಟು ಆಮೇಲೆ ಕೇಳುವುದು. ಅವರ ವಿವರ ಸಂಶೋಧನೆಯಲ್ಲಿ ಇಟ್ಟುಕೊಳ್ಳಬಹುದಾ? ಬೇಡವೆಂದರೆ ತೆಗೆಯುತ್ತೇವೆ” ಅಂದರು. ನನಗೆ ಸಿಟ್ಟೂ ಬಂತು, ಪಾಪ ಅಂತಲೂ ಅನಿಸಿತು. ಯಾರೂ ಒಪ್ಪದಿದ್ದರೆ ಮುಂದಿನವನಿಗೆ ಔಷಧಿ ಎಲ್ಲಿಂದ ಬರಬೇಕು? ಆದರೆ ನಿನ್ನ ಪರವಾಗಿ ಹೂಂ ಅನ್ನಲು ನಾನು ಯಾರು?

ಅತ್ತೆ ಅಡುಗೆಮನೆಯಿಂದ ಕೂಗಿದರು: “ಅವನ ಮೈ, ಅವನ ನೆತ್ತರ್. ಅವನನ್ನೇ ಕೇಳಿ. ಇಂದ್ ಉಣ್ಣಿಕೆ ಅವ ಬಾದೆ ಅಲಾ!” ಇವತ್ತು ಉಣ್ಣಲು ನೀನು ಬರುತ್ತೀಯಲ್ಲ ಅಂತ ಅವರ ಲೆಕ್ಕ.

ಕೋಣೆಯಲ್ಲಿ ಎಲೆ ಹಾಕಿ, ಕೋಳಿ ಸಾರು ಬಡಿಸಿ, ಲೋಟಕ್ಕೆ ಬ್ರಾಂದಿ ಸುರಿದು ಬಾಗಿಲು ಮುಚ್ಚಿದೆವು. ತೀರಿಕೊಂಡ ನೀವು ಉಣ್ಣುವಾಗ ಬದುಕಿರುವ ನಾವು ನೋಡಬಾರದಲ್ಲ. “ಒಪ್ಪಿಗೆಯಾದ್ರೆ ಸುಮ್ಮನಿರ್, ಇಲ್ಲದಿದ್ರೆ ಲೋಟ ಉರುಳ್ಸು” ಅಂದರು ಅತ್ತೆ. ಡಾಕ್ಟರು ತಟ್ಟನೆ ತಡೆದರು. “ಬೇಡಮ್ಮ, ಅವತ್ತೂ ಅವರು ಸುಮ್ಮನೇ ಇದ್ದರು. ಒಪ್ಪಿಗೆಯಾದರೇ ಉರುಳಿಸಲಿ.” ಆಮೇಲೆ ಬಾಗಿಲಿಗೆ ಮುಖವಿಟ್ಟು ಎಲ್ಲವನ್ನೂ ನಿಧಾನವಾಗಿ ವಿವರಿಸಿ ಕೇಳಿದರು. ಆ ಕೋಣೆಯೊಳಗೆ ಯಾರೋ ಕಿವಿಗೊಟ್ಟು ಕೂತಿದ್ದಾರೆ ಅನಿಸಿತು ನನಗೆ.

ಸದ್ದಿಲ್ಲ. ಬಾಗಿಲು ತೆರೆದರೆ ಲೋಟ ನಿಂತೇ ಇತ್ತು. “ವಿವರ ತೆಗೆಯುತ್ತೇನೆ” ಎಂದು ಡಾಕ್ಟರು ಹೊರಟರು.

ಅವರು ಹೋದ ಮೇಲೆ ನಾವು ಊಟಕ್ಕೆ ಕೂತೆವು. ಬೆಕ್ಕು ನಮ್ಮೆದುರೇ ಮೂಳೆ ಕಡಿಯುತ್ತಿತ್ತು. ಆಗ ಆ ಕೋಣೆಯಲ್ಲಿ ಲೋಟ ಉರುಳಿತು. ಓಡಿ ಹೋಗಿ ನೋಡಿದೆ. ಲೋಟ ಮಗುಚಿತ್ತು, ನೆಲದಲ್ಲಿ ಒಂದು ತೊಟ್ಟೂ ಬ್ರಾಂದಿಯಿಲ್ಲ.

ಅಣ್ಣಾ, ಅದು ಹೂಂ ಅಂದದ್ದೋ, ಸಿಟ್ಟಿಗೆ ಒದ್ದದ್ದೋ? ಅವರು ಕೇಳಿದ್ದೂ ತಡ, ನೀನು ಹೇಳಿದ್ದೂ ತಡ.

ಡಾಕ್ಟರಿಗೆ ಫೋನು ಮಾಡಿ, ಲೋಟದ ಸುದ್ದಿ ಎತ್ತದೆ, ತಂಗಿಯಾಗಿ ನಾನೇ ಹೂಂ ಅಂದೆ. ತಪ್ಪಾಗಿದ್ದರೆ ನನ್ನ ಮೇಲಿರಲಿ. ಇನ್ನೊಂದು ಮಾತನ್ನೂ ಹೇಳಿದ್ದೇನೆ: ನಾನೊಂದು ದಿನ ಹಾಗೆ ಪ್ರಜ್ಞೆಯಿಲ್ಲದೆ ಮಲಗಿದರೆ ಯಾರ ಒಪ್ಪಿಗೆಗೂ ಕಾಯಬೇಡಿ, ಸಂಶೋಧನೆಗೆ ಸೇರಿಸಿಕೊಳ್ಳಿ. ನಾಲಿಗೆ ಇರುವಾಗಲೇ ಒಪ್ಪಿದ್ದೇನೆ, ಸತ್ತ ಮೇಲೆ ನನ್ನನ್ನು ಯಾರೂ ಎಬ್ಬಿಸುವುದು ಬೇಡ.

ನಿನ್ನ ತಂಗಿ